ನೇತ್ರಾವತಿಯ ಉರುಟುಕಲ್ಲುಗಳಿಗೆ ಟಂಬ್ಲರಿನಲ್ಲಿ ಹೊಳಪು ಬರುತ್ತಿಲ್ಲ, ಕಾರಣವೇನು?

ಪಾಣೆಮಂಗಳೂರು ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಬಂಟ್ವಾಳದ ಹತ್ತಿರ ಪಾಣೆಮಂಗಳೂರಿನವನು. ಏಳನೆಯ ತರಗತಿಯಲ್ಲಿರುವ ನನ್ನ ಮಗನಿಗೆ ಹೊಳೆಬದಿಗೆ ಹೋದಾಗಲೆಲ್ಲ ಕಿಸೆ ತುಂಬ ಉರುಟುಕಲ್ಲು ಹೆಕ್ಕಿ ತರುವ ಅಭ್ಯಾಸ ಚಿಕ್ಕಂದಿನಿಂದಲೂ ಇದೆ. ಜಗಲಿಯ ಮೂಲೆಯಲ್ಲಿ ಈಗ ಮೂರು ಬಕೆಟ್ ಕಲ್ಲುಗಳು ತುಂಬಿಕೊಂಡಿವೆ. ಅವನ ಆಸಕ್ತಿಯನ್ನು ನೋಡಿ ಕಳೆದ ಡಿಸೆಂಬರಿನಲ್ಲಿ ಕಲ್ಲುಗಳನ್ನು ಉರುಳಿಸಿ ನಯಮಾಡುವ ಸಣ್ಣ ಟಂಬ್ಲರ್ ಯಂತ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಕಲ್ಲು, ನೀರು, ಪುಡಿ ಎಲ್ಲ ಸೇರಿ ಸುಮಾರು ಒಂದೂಕಾಲು ಕಿಲೋ ಹಿಡಿಯುವ ರಬ್ಬರಿನ ಬ್ಯಾರೆಲ್ ಅದರಲ್ಲಿದೆ. ಜೊತೆಯಲ್ಲಿ ನಾಲ್ಕು ಪೊಟ್ಟಣ ಪುಡಿ ಬಂದಿತ್ತು; ಅವುಗಳ ಮೇಲೆ 1, 2, 3, 4 ಎಂದು ಬರೆದಿದ್ದನ್ನು ಬಿಟ್ಟರೆ ಪುಡಿ ಯಾವುದು, ಎಷ್ಟು ನಯದ್ದು ಎಂಬ ಮಾಹಿತಿ ಇರಲಿಲ್ಲ. ಮಾರಿದವರನ್ನು ಎರಡು ಬಾರಿ ಕೇಳಿದರೂ ಉತ್ತರ ಬರಲಿಲ್ಲ.

ಹೊಳೆಯಿಂದ ತಂದ ಬೂದು ಬಣ್ಣದ ಪಟ್ಟೆಪಟ್ಟೆಯ ಕಲ್ಲು, ಕರಿಕಲ್ಲು, ಬಿಳಿಯ ಬೆಣಚುಕಲ್ಲು, ಮನೆಯ ಹಿಂದಿನ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಚೂರು ಇವನ್ನೆಲ್ಲ ಒಟ್ಟಿಗೆ ಹಾಕಿ, ಪ್ರತಿ ಪುಡಿಯಲ್ಲಿ ಮೂರು ನಾಲ್ಕು ದಿನ ಓಡಿಸಿದೆವು. ಹಂತ ಬದಲಿಸುವಾಗ ಬ್ಯಾರೆಲಿಗೆ ಒಮ್ಮೆ ನೀರು ಹೊಯ್ದು ತೊಳೆದಿದ್ದೇವೆ. ಕೊನೆಗೆ ಸಿಕ್ಕಿದ್ದು ಹೀಗಿದೆ. ಮುರಕಲ್ಲು ಕರಗಿ ಕೆಂಪು ರಾಡಿಯಾಗಿ ಹೋಯಿತು. ಅಡಿಕೆಯ ಗಾತ್ರದ ಪಟ್ಟೆಕಲ್ಲನ್ನು ಬೆರಳಿನಿಂದ ಸವರಿದರೆ ಕಪ್ಪು ಪಟ್ಟೆ ಇದ್ದಲ್ಲೆಲ್ಲ ಸಣ್ಣ ಸಣ್ಣ ಗುಳಿಗಳು ತಗಲುತ್ತವೆ. ಬಿಳಿ ಕಲ್ಲುಗಳ ಅಂಚಿನಲ್ಲಿ ಉಗುರಿನಿಂದ ಒತ್ತಿದ ಗುರುತಿನಂಥ ಬಾಗಿದ ಬಿರುಕುಗಳು ಮೂಡಿವೆ. ನೀರಿನಲ್ಲಿರುವಾಗ ಎಲ್ಲವೂ ಚೆಂದವಾಗಿ ಕಾಣುತ್ತವೆ, ಒಣಗಿದ ಮೇಲೆ ಬೂದಿ ಬಳಿದ ಹಾಗೆ ಮಂಕಾಗುತ್ತವೆ.

ನಮ್ಮ ಕರಾವಳಿಯ ಯಾವ ಕಲ್ಲು ಈ ಕೆಲಸಕ್ಕೆ ಒದಗುತ್ತದೆ, ನಾವು ಮಾಡಿದ ಕ್ರಮದಲ್ಲಿ ಎಲ್ಲಿ ತಪ್ಪಾಯಿತು, ಹಾಗೆಯೇ ಹೊಳೆ ಮತ್ತು ಕಡಲಿನ ಬದಿಯಿಂದ ಕಲ್ಲು ತರುವುದಕ್ಕೆ ಕಾನೂನಿನ ತೊಡಕೇನಾದರೂ ಇದೆಯೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು. ಮಗ ಬೇಸರಪಟ್ಟುಕೊಂಡಿದ್ದಾನೆ, ಬರುವ ರಜೆಯೊಳಗೆ ಒಂದು ಬ್ಯಾರೆಲಾದರೂ ಸರಿಯಾಗಿ ಮಾಡಿ ತೋರಿಸಬೇಕೆಂದಿದ್ದೇನೆ.

---

ಶೇಡಿಗುಡ್ಡೆ

ನಮಸ್ಕಾರ. ಮಂಗಳೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಯಂತ್ರದ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ.

ಕಪ್ಪು ಪಟ್ಟೆ ಇದ್ದಲ್ಲಿ ಗುಳಿ ಬಿದ್ದಿದೆ ಎಂದು ನೀವು ಗಮನಿಸಿ ಬರೆದದ್ದರಿಂದ ನನ್ನ ಕೆಲಸ ಹಗುರವಾಯಿತು. ಅದು ನೈಸ್ ಎಂಬ ಶಿಲೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹೆಚ್ಚಿನ ಭಾಗದ ತಳಪಾಯವೇ ನೈಸ್ ಮತ್ತು ಗ್ರಾನೈಟ್. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ನೈಸ್ ಶಿಲೆಯದೇ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಕಲ್ಲಿಗೆ ಹೊಳಪು ಏಕೆ ಬರುವುದಿಲ್ಲವೆಂದರೆ ಅದು ಒಂದೇ ವಸ್ತುವಿನಿಂದಾದ ಕಲ್ಲಲ್ಲ. ಅದರ ಬಿಳಿ ಭಾಗದಲ್ಲಿ ಬೆಣಚು, ಅಂದರೆ ಕ್ವಾರ್ಟ್ಜ್, ಮತ್ತು ಫೆಲ್ಡ್‌ಸ್ಪಾರ್ ಇರುತ್ತವೆ. ಕಪ್ಪು ಪಟ್ಟೆಯಲ್ಲಿ ಬಹುಪಾಲು ಕರಿಯ ಕಾಗೆಬಂಗಾರ ಇರುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿಗೆ 7, ಫೆಲ್ಡ್‌ಸ್ಪಾರಿಗೆ 6, ಕಾಗೆಬಂಗಾರಕ್ಕೆ ಎರಡೂವರೆಯಿಂದ 3 ಮಾತ್ರ. ಬ್ಯಾರೆಲಿನಲ್ಲಿ ಸಾಣೆಪುಡಿ ಬಿಡಿಬಿಡಿಯಾಗಿ ಉರುಳುತ್ತ ಮೆತ್ತಗಿನ ಕಣ ಸಿಕ್ಕಿದಲ್ಲಿ ಕೊರೆದು ಒಳಗಿಳಿಯುತ್ತದೆ, ಆದ್ದರಿಂದ ಕಾಗೆಬಂಗಾರವಿದ್ದ ಜಾಗ ಗುಳಿಯಾಗುತ್ತದೆ, ಬೆಣಚು ಉಬ್ಬಿ ನಿಲ್ಲುತ್ತದೆ. ಮನೆಯ ಅಡುಗೆಕಟ್ಟೆಯ ಗ್ರಾನೈಟಿಗೆ ಕನ್ನಡಿಯಂಥ ಹೊಳಪು ಬರುತ್ತದಲ್ಲ ಎಂದು ನೀವು ಕೇಳಬಹುದು. ಅಲ್ಲಿ ಉಜ್ಜುವುದು ಗಟ್ಟಿಯಾದ, ಚಪ್ಪಟೆಯಾದ ಚಕ್ರ. ಅದು ಮೆತ್ತನೆಯ ಕಣದೊಳಕ್ಕೆ ಇಳಿಯಲಾರದೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಕಲ್ಲಿನ ದೋಷ ಇದರಲ್ಲಿ ಏನೂ ಇಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಗ್ರಾನೈಟಿನದೇ. ಉರುಳಿಸಿ ನಯಮಾಡುವ ಕೆಲಸ ಮಾತ್ರ ಅದಕ್ಕೆ ಹೊಂದುವುದಿಲ್ಲ.

ಮುರಕಲ್ಲಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಲಕ್ಷಾಂತರ ವರ್ಷಗಳ ಮಳೆಗೆ ಮೂಲಶಿಲೆಯ ಸಿಲಿಕಾ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದು ಹೆಪ್ಪುಗಟ್ಟಿದ, ರಂಧ್ರಮಯವಾದ ಕಲ್ಲು ಅದು. ಅದನ್ನು ಇನ್ನು ಮುಂದೆ ಬ್ಯಾರೆಲಿಗೆ ಹಾಕಬೇಡಿ, ಅದರ ರಾಡಿ ಉಳಿದ ಕಲ್ಲುಗಳನ್ನೂ ಕೆಡಿಸುತ್ತದೆ.

ಆದರೆ ನಿಮಗೆ ಬೇಕಾದ ಕಲ್ಲು ಇರುವುದು ಆ ಮುರಕಲ್ಲಿನ ಅಡಿಯಲ್ಲಿಯೇ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ನಮ್ಮಲ್ಲಿ ಬಾವಿ ತೋಡುವವರಿಗೆಲ್ಲ ಗೊತ್ತಿರುವಂತೆ ಮೇಲಿನ ಮುರ ಮುಗಿದ ಕೂಡಲೆ ಶೇಡಿಮಣ್ಣು ಸಿಗುತ್ತದೆ. ಬಿಳಿ, ತಿಳಿಗೆಂಪು, ನೇರಳೆ ಬಣ್ಣದ ಆ ನುಣ್ಣನೆಯ ಮಣ್ಣು ಎಲ್ಲಿಂದಲೋ ಬಂದು ತುಂಬಿದ್ದಲ್ಲ, ಅದೇ ಜಾಗದಲ್ಲಿದ್ದ ನೈಸ್ ಬಂಡೆ ನಿಂತಲ್ಲೇ ಕೊಳೆತು ಆದದ್ದು. ಫೆಲ್ಡ್‌ಸ್ಪಾರ್ ನೀರಿನೊಡನೆ ಸೇರಿ ಜೇಡಿಯಾಗುತ್ತದೆ. ಬೆಣಚು ಹಾಗೆ ಕೊಳೆಯುವುದಿಲ್ಲ. ಆದ್ದರಿಂದ ಹಳೆಯ ಬಂಡೆಯ ಬಿರುಕುಗಳಲ್ಲಿ ಗೋಡೆಯಂತೆ ತುಂಬಿಕೊಂಡಿದ್ದ ಬೆಣಚಿನ ಎಳೆಗಳು, ಸುತ್ತಲಿನ ಬಂಡೆಯೆಲ್ಲ ಮಣ್ಣಾಗಿ ಹೋದ ಮೇಲೂ, ಶೇಡಿಯ ನಡುವೆ ತುಂಡುತುಂಡಾಗಿ ನಿಂತಿರುತ್ತವೆ. ಬಾವಿ ತೋಡಿದಾಗ, ಮನೆಯ ಪಾಯಕ್ಕೆ ಗುಡ್ಡ ತಗ್ಗಿಸಿದಾಗ ಜೇಸಿಬಿ ಎತ್ತಿ ಬದಿಗೆ ಸುರಿದ ಮಣ್ಣಿನ ರಾಶಿಯಲ್ಲಿ ಅವು ಬೇಕಾದಷ್ಟು ಸಿಗುತ್ತವೆ. ಹೊರಗೆ ಕೆಂಪು ಕೊಳೆ ಹಿಡಿದಿರುವುದರಿಂದ ಯಾರೂ ಅವನ್ನು ತಿರುಗಿಯೂ ನೋಡುವುದಿಲ್ಲ. ಒಡೆದರೆ ಒಳಗೆ ಹಾಲುಬಿಳಿ, ಹೊಗೆಬಣ್ಣ, ಕೆಲವೊಮ್ಮೆ ಪಾರದರ್ಶಕವಾದ ಬೆಣಚು. ಇಡೀ ಕಲ್ಲು ಒಂದೇ ಖನಿಜ, ಒಂದೇ ಗಡಸುತನ. ಟಂಬ್ಲರಿಗೆ ಬೇಕಾದದ್ದು ಇದೇ.

ಹೊಳೆಯಲ್ಲಿಯೂ ಬೆಣಚು ಇದೆ, ಆದರೆ ನೀರಿನಲ್ಲಿ ಬಡಿದು ಬಡಿದು ಒಳಗೆ ಕಾಣದ ಬಿರುಕುಗಳು ಸೇರಿಕೊಂಡಿರುತ್ತವೆ. ಬಿಸಿಲಿಗೆ ಹಿಡಿದಾಗ ಒಳಗೆ ಬಿರುಕಿನ ಪದರ ಮಿನುಗಿದರೆ ಆ ಕಲ್ಲನ್ನು ಬಿಟ್ಟುಬಿಡಿ.

ಕಲ್ಲನ್ನು ಗುರುತಿಸುವುದಕ್ಕೆ ಮನೆಯಲ್ಲಿರುವ ಸಾಮಾನೇ ಸಾಕು. ಚೂರಿಯ ಮೊನೆಯಿಂದ ಗೀರಿದರೆ ಬೆಣಚಿನ ಮೇಲೆ ಗೀರು ಬೀಳುವುದಿಲ್ಲ, ಬದಲಿಗೆ ಉಕ್ಕು ಸವೆದು ಪೆನ್ಸಿಲಿನಂಥ ಗೆರೆ ಉಳಿಯುತ್ತದೆ. ಗಾಜಿನ ಮೇಲೆ ಎಳೆದರೆ ಗಾಜು ಗೀರಿಕೊಳ್ಳುತ್ತದೆ. ರಾತ್ರಿ ದೀಪ ಆರಿಸಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಬಲವಾಗಿ ಉಜ್ಜಲು ಮಗನಿಗೆ ಹೇಳಿ. ಕಲ್ಲಿನೊಳಗೆ ಹಳದಿ ಬೆಳಕು ಮೂಡಿ ಮಾಯವಾಗುತ್ತದೆ, ಸುಟ್ಟಂಥ ವಾಸನೆಯೂ ಬರುತ್ತದೆ. ಕರಿಯ, ಭಾರವಾದ ಕಲ್ಲು ಸಿಕ್ಕಿದರೆ ಅಯಸ್ಕಾಂತ ಹಿಡಿದು ನೋಡಿ, ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಹೆಚ್ಚಾಗಿರುವ ಕಲ್ಲು ಅಂಟಿಕೊಳ್ಳುತ್ತದೆ. ಖನಿಜದ ಪುಡಿಯ ಬಣ್ಣ ತಿಳಿಯಲು ಒರಟು ಪಿಂಗಾಣಿಯ ಮೇಲೆ ಗೆರೆ ಎಳೆಯುವ ಪದ್ಧತಿಯಿದೆ. ಇದಕ್ಕೆ ಬಚ್ಚಲಿನ ಬಿಳಿ ಟೈಲ್ಸಿನ ಹಿಂಬದಿ ಒಳ್ಳೆಯದು. ನಮ್ಮ ಮಂಗಳೂರು ಹೆಂಚು ಒರಟಾಗಿದ್ದರೂ ತಾನೇ ಕೆಂಪಾಗಿರುವುದರಿಂದ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕೆಂಪು ಗೆರೆ ಅದರ ಮೇಲೆ ಕಾಣುವುದಿಲ್ಲ.

ಒಂದು ಮಾತು ವಿಷಯದ ಅಂಚಿಗೆ ಸೇರಿದ್ದು. ನದಿಯ ಕಲ್ಲನ್ನು ಆರಿಸಿ ಮನೆಗೆ ತರುವ ಪರಿಪಾಠ ನಮ್ಮಲ್ಲಿ ಬಹಳ ಹಿಂದಿನದು. ಪಂಚಾಯತನ ಪೂಜೆಯ ಸಂಪುಟದಲ್ಲಿ ನರ್ಮದೆಯ ಬಾಣಲಿಂಗ, ಶೋಣಾ ನದಿಯ ಕೆಂಪು ಶೋಣಭದ್ರ, ಸ್ಫಟಿಕ, ಸ್ವರ್ಣಮುಖಿಯ ಕಲ್ಲು, ಗಂಡಕಿಯ ಸಾಲಿಗ್ರಾಮ ಎಂದು ಐದು ಬಗೆಯ ಕಲ್ಲುಗಳಿರುತ್ತವೆ. ಇವುಗಳಲ್ಲಿ ಮೊದಲ ಮೂರು ಸಾಮಾನ್ಯವಾಗಿ ಬೆಣಚಿನ ಬಳಗಕ್ಕೇ ಸೇರಿದವು. ನದಿ ಸಾವಿರಾರು ವರ್ಷ ಉರುಳಿಸಿದರೂ ಸವೆಯದೆ ನಯವಾಗಿ ಉಳಿಯುವ ಕಲ್ಲನ್ನು ಹಿಂದಿನವರು ಕೈಯಲ್ಲಿ ಹಿಡಿದೇ ಗುರುತಿಸಿದ್ದರು. ಸಾಲಿಗ್ರಾಮ ಬೇರೆ ಜಾತಿಯದು, ಅಮೊನೈಟ್ ಎಂಬ ಪ್ರಾಚೀನ ಕಡಲಜೀವಿಯ ಪಳೆಯುಳಿಕೆ ಇರುವ ಕರಿಯ ಜೇಡಿಶಿಲೆ.

ಬೆಣಚಿನ ಬಳಗದವೇ ಆದ ಬಣ್ಣದ ಅಗೇಟ್, ಜ್ಯಾಸ್ಪರ್ ಕಲ್ಲುಗಳು ಬೇಕಿದ್ದರೆ ಕರಾವಳಿಯಲ್ಲಿ ಹುಡುಕಿ ಶ್ರಮಪಡಬೇಡಿ. ಅವು ದಖ್ಖಣದ ಲಾವಾ ಹಾಸಿನ ಕಲ್ಲುಗಳು. ಆ ಹಾಸು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಬಂದು ನಿಂತುಬಿಡುತ್ತದೆ. ಗುಜರಾತಿನ ಖಂಭಾತಿನಲ್ಲಿ ಅಗೇಟನ್ನು ಕಾಯಿಸಿ ಕೆಂಪೇರಿಸಿ ಮಣಿ ಮಾಡುವ ಕಸುಬು ಇಂದಿಗೂ ಇದೆ, ಅಲ್ಲಿನ ಒರಟು ಅಗೇಟ್ ತೂಕದ ಲೆಕ್ಕದಲ್ಲಿ ದೊರೆಯುತ್ತದೆ.

---

ಸಾಣೆಕಲ್ಲು

ಶೇಡಿಗುಡ್ಡೆಯವರ ವಿವರಣೆಯನ್ನು ಓದಿ ಸಂತೋಷವಾಯಿತು. ನನ್ನ ತಂದೆಯವರು ಮೂವತ್ತು ವರ್ಷ ಮಂಗಳೂರು, ಸುರತ್ಕಲ್ ಕಡೆ ಮೊಸಾಯಿಕ್ ನೆಲ ಪಾಲಿಶ್ ಮಾಡಿಸುವ ಕೆಲಸ ಮಾಡಿದವರು. ಅವರೊಡನೆ ಓಡಾಡಿ ಕಲಿತದ್ದೇ ಈಗ ನನ್ನ ಟಂಬ್ಲರಿಗೂ ಉಪಯೋಗಕ್ಕೆ ಬರುತ್ತಿದೆ. ನೆಲಕ್ಕೆ ಮೊದಲು 60 ನಂಬರಿನ ಕಾರ್ಬೊರಂಡಮ್ ಕಲ್ಲು, ಆಮೇಲೆ 120, ಅದರ ಮೇಲೆ ಇನ್ನೂ ನಯದ್ದು, ಕಟ್ಟಕಡೆಗೆ ಆಕ್ಸಾಲಿಕ್ ಆಮ್ಲದ ಪುಡಿ ಹಾಕಿ ಉಜ್ಜುತ್ತಿದ್ದರು. ಟಂಬ್ಲರಿನ ನಿಯಮವೂ ಇದೇ.

ನಿಮ್ಮ ನಾಲ್ಕು ಪೊಟ್ಟಣಗಳು ಬಹುಶಃ ಕ್ರಮವಾಗಿ 60/90, 120/220, 500 ನಂಬರಿನ ಸಿಲಿಕಾನ್ ಕಾರ್ಬೈಡ್ (ಕಾರ್ಬೊರಂಡಮ್ ಎಂದರೂ ಇದೇ) ಮತ್ತು ಕೊನೆಯದು ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್ ಪುಡಿ ಆಗಿರಬೇಕು. ಮುಂದಿನ ಸಲ ನಂಬರು ಬರೆದು ಕೊಡುವವರಿಂದ ಮಾತ್ರ ತರಿಸಿಕೊಳ್ಳಿ. ನಂಬರು ಹೆಚ್ಚಿದಷ್ಟೂ ಪುಡಿ ನಯವಾಗಿರುತ್ತದೆ.

ನಿಮ್ಮ ಕ್ರಮದಲ್ಲಿ ನನಗೆ ಕಂಡ ಮುಖ್ಯ ತಪ್ಪು ಅವಸರ. ಸಿಲಿಕಾನ್ ಕಾರ್ಬೈಡಿನ ಕಣಗಳು ಉರುಳುತ್ತ ಒಡೆದು ತಾವೇ ಕ್ರಮೇಣ ಸಣ್ಣದಾಗುತ್ತವೆ. ಒಂದು ವಾರ ಪೂರ್ತಿ ಓಡಿದರೆ ಮೊದಲ ಹಂತದ ದಪ್ಪ ಪುಡಿಯೂ ನಯವಾಗಿ, ಮುಂದಿನ ಹಂತಕ್ಕೆ ಕಲ್ಲನ್ನು ಸಿದ್ಧಮಾಡಿ ಕೊಡುತ್ತದೆ. ನೀವು ಮೂರು ನಾಲ್ಕು ದಿನಕ್ಕೆ ನಿಲ್ಲಿಸಿದಾಗ ದಪ್ಪ ಕಣಗಳು ಇನ್ನೂ ಜೀವಂತವಾಗಿದ್ದವು, ಅವು ಬ್ಯಾರೆಲಿನ ಮುಚ್ಚಳದ ಅಂಚಿನಲ್ಲಿ, ಕಲ್ಲಿನ ಗುಳಿಗಳಲ್ಲಿ ಅಡಗಿ ಕೂತು ಪಾಲಿಶಿನ ಹಂತದವರೆಗೂ ಬಂದು ಗೀರು ಹಾಕಿವೆ. ಪಾಲಿಶಿನಲ್ಲಿ ದಪ್ಪ ಪುಡಿಯ ಒಂದು ಚಿಟಿಕೆ ಉಳಿದರೂ ಇಡೀ ವಾರದ ಕೆಲಸ ಹಾಳಾಗುತ್ತದೆ. ಆದ್ದರಿಂದ ಪ್ರತಿ ಹಂತದ ಕೊನೆಗೆ ಒಂದೊಂದು ಕಲ್ಲನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೇರೆಬೇರೆಯಾಗಿ ತಿಕ್ಕಬೇಕು, ಬಿರುಕು ಬಿಟ್ಟದ್ದನ್ನು ತೆಗೆದು ಬದಿಗಿಡಬೇಕು, ಬ್ಯಾರೆಲನ್ನು ಸೋಪುನೀರಿನಲ್ಲಿ ತೊಳೆದು ಸ್ವಲ್ಪ ಹೊತ್ತು ಬರಿಯ ಸೋಪುನೀರಿನಲ್ಲಿ ಓಡಿಸಬೇಕು. ಪಾಲಿಶಿಗೆಂದೇ ಇನ್ನೊಂದು ಬ್ಯಾರೆಲ್ ಇಟ್ಟುಕೊಳ್ಳುವುದು ಅದಕ್ಕಿಂತಲೂ ಉತ್ತಮ.

ಮೊದಲ ಹಂತಕ್ಕೆ ಏಳೇ ದಿನವೆಂಬ ಕಟ್ಟುಪಾಡಿಲ್ಲ. ಕಲ್ಲಿನ ಆಕಾರ ನಿಮಗೆ ಒಪ್ಪುವವರೆಗೆ, ಗುಳಿಗಳೆಲ್ಲ ಹೋಗುವವರೆಗೆ ಹೊಸ ಪುಡಿ ಹಾಕಿ ಮತ್ತೆ ಮತ್ತೆ ಓಡಿಸಬೇಕು. ಮುಂದಿನ ಯಾವ ಹಂತವೂ ಆಕಾರವನ್ನು ತಿದ್ದಲಾರದು. ಅಲ್ಲಿಂದ ಮುಂದೆ ಹಂತಕ್ಕೊಂದು ವಾರ ಸಾಕು. ನಿಮ್ಮ ಅಳತೆಯ ಬ್ಯಾರೆಲಿಗೆ ಒಂದೊಂದು ಹಂತದಲ್ಲಿ 4 ದೊಡ್ಡ ಚಮಚ ಪುಡಿ ಬೇಕು, ಬ್ಯಾರೆಲಿನ ಮೂರನೆಯ ಎರಡು ಭಾಗದಿಂದ ಮುಕ್ಕಾಲು ಭಾಗದಷ್ಟು ಕಲ್ಲು ತುಂಬಿರಬೇಕು, ನೀರು ಮೇಲಿನ ಕಲ್ಲುಗಳ ಬುಡ ಮುಟ್ಟುವಷ್ಟಿದ್ದರೆ ಸಾಕು. ಕಲ್ಲು ಕಡಿಮೆಯಾದರೆ ಅವು ಜಾರಿ ಉರುಳುವ ಬದಲು ಎತ್ತರದಿಂದ ಬೀಳುತ್ತವೆ. ನಿಮ್ಮ ಬೆಣಚಿನ ಅಂಚಿನಲ್ಲಿ ಮೂಡಿದ ಬಾಗಿದ ಬಿರುಕುಗಳು ಹಾಗೆ ಬಿದ್ದು ತಗಲಿದ ಏಟುಗಳೇ. ಕಲ್ಲು ಸವೆಯುತ್ತ ಹೋದಂತೆ ಖಾಲಿಯಾದ ಜಾಗವನ್ನು ಸೆರಾಮಿಕ್ ಗುಳಿಗೆಗಳಿಂದ ತುಂಬಿಸಿ. ಅವು ಕಲ್ಲುಗಳ ನಡುವೆ ದಿಂಬಿನಂತೆ ಕೆಲಸ ಮಾಡುತ್ತವೆ. ದೊಡ್ಡ ಕಲ್ಲಿನ ಜೊತೆ ಸಣ್ಣವೂ ಇರಲಿ, ಆಗ ಪುಡಿ ಮೂಲೆಮೂಲೆಗೆ ತಲಪುತ್ತದೆ.

500ರ ಹಂತ ಮುಗಿದ ಮೇಲೆ ಕಲ್ಲನ್ನು ಒರಸಿ ಪೂರ್ತಿ ಒಣಗಿಸಿ ನೋಡಿ. ಒಣಗಿದ ಕಲ್ಲಿನ ಮೇಲೆ ಬೆಣ್ಣೆ ಸವರಿದಂಥ ನಸುಹೊಳಪು ಕಂಡರೆ ಮಾತ್ರ ಪಾಲಿಶಿಗೆ ಹೋಗಿ. ಒದ್ದೆ ಕಲ್ಲನ್ನು ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ, ನೀರು ಎಲ್ಲ ಗೀರುಗಳನ್ನೂ ಮುಚ್ಚಿಬಿಡುತ್ತದೆ.

ರಾಡಿನೀರನ್ನು ದಯವಿಟ್ಟು ಬಚ್ಚಲಿಗೆ ಬಿಡಬೇಡಿ. ನಾನು ಮೊದಲ ವರ್ಷ ಹೊರಗಿನ ಸಿಂಕಿನಲ್ಲಿ ನಾಲ್ಕೈದು ಬಾರಿ ಸುರಿದಿದ್ದೆ. ಮಳೆಗಾಲದಲ್ಲಿ ನೀರು ಕಟ್ಟಿಕೊಂಡಾಗ ಪೈಪು ಬಿಚ್ಚಿ ನೋಡಿದರೆ ಒಳಗೆ ಬೂದುಬಣ್ಣದ ರಾಡಿ ಸಿಮೆಂಟಿನಂತೆ ಗಟ್ಟಿಯಾಗಿತ್ತು, ಪೈಪಿನ ಆ ತುಂಡನ್ನೇ ಕತ್ತರಿಸಿ ಬದಲಾಯಿಸಬೇಕಾಯಿತು. ಈಗ ಬಕೆಟಿನಲ್ಲಿ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿನೀರನ್ನು ಚೆಲ್ಲಿ, ಅಡಿಯ ಕೆಸರನ್ನು ಒಣಗಿಸಿ ಕಟ್ಟಿ ಕಸಕ್ಕೆ ಹಾಕುತ್ತೇನೆ. ಒಣಗಿದ ಕೆಸರನ್ನು ಗುಡಿಸಬಾರದು, ಒಣ ಕಲ್ಲನ್ನು ಗ್ರೈಂಡರಿನಲ್ಲಿ ಕೊರೆಯಲೂಬಾರದು. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಒಮ್ಮೆ ಬಂದರೆ ಅದು ವಾಸಿಯಾಗುವ ಕಾಯಿಲೆಯಲ್ಲ. ತಂದೆಯವರ ಜೊತೆ ದುಡಿದವರಲ್ಲಿ ಕೆಮ್ಮುತ್ತ ಕೊನೆಯಾದವರನ್ನು ನಾನು ನೋಡಿದ್ದೇನೆ. ಎಲ್ಲ ಕೆಲಸವೂ ನೀರಿನಲ್ಲಿಯೇ ನಡೆಯಲಿ, ಕಲ್ಲು ಒಡೆಯುವಾಗ ಗೋಣಿಯಲ್ಲಿ ಸುತ್ತಿ, ಒದ್ದೆ ಮಾಡಿ ಒಡೆಯಿರಿ. ಮಗನಿಗೆ ಕನ್ನಡಕ ಕಡ್ಡಾಯ.

ಬ್ಯಾರೆಲಿನೊಳಗೆ ಕೆಲವೊಮ್ಮೆ ಅನಿಲ ತುಂಬಿ ಮುಚ್ಚಳ ಉಬ್ಬುತ್ತದೆ, ದಿನಕ್ಕೊಮ್ಮೆ ತೆರೆದು ಮುಚ್ಚಿದರೆ ಆಯಿತು. ಕರೆಂಟಿನ ಖರ್ಚಿಗೆ ಹೆದರಬೇಡಿ: 25 ವ್ಯಾಟಿನ ಮೋಟರು ಹಗಲಿರುಳು ಓಡಿದರೂ ದಿನಕ್ಕೆ 0.6 ಯೂನಿಟ್ ಆಗುತ್ತದೆ. ಶಬ್ದಕ್ಕೆ ಮಾತ್ರ ಏನಾದರೂ ಮಾಡಬೇಕು. ನಾನು ಯಂತ್ರವನ್ನು ನಾರಿನ ದಪ್ಪ ಕಾಲೊರಸಿನ ಮೇಲಿಟ್ಟು ಹಿತ್ತಲಿನ ಕಟ್ಟಿಗೆಯ ಕೊಟ್ಟಿಗೆಯಲ್ಲಿ ಓಡಿಸುತ್ತೇನೆ.

---

ಮಲ್ಪೆಯ ಓದುಗಿ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ಕಣ್ಣೆದುರಿನಲ್ಲೇ ಇದರಿಂದ ಹಾನಿಯಾಗುತ್ತಿದೆ.

ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸಂತ ಮೇರಿ ದ್ವೀಪದ ಕಂಬಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಇಂಥ ಸ್ಮಾರಕಗಳು ನಾಲ್ಕೇ ಇವೆ. ಜನ ಅವನ್ನು ಬಸಾಲ್ಟ್ ಎಂದು ಕರೆಯುವುದು ರೂಢಿ, ಆದರೆ ಅವು ಸಿಲಿಕಾ ಹೆಚ್ಚಾಗಿರುವ ರಯೋಲೈಟ್ ಬಗೆಯ ಲಾವಾದಿಂದಾದವು. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹರಿದ ಲಾವಾ ಆರುತ್ತ, ಕುಗ್ಗುತ್ತ, ಐದು, ಆರು, ಏಳು ಮುಖದ ಕಂಬಗಳಾಗಿ ಬಿರಿದಿದೆ. ಆ ಬಿರುಕುಗಳ ನಡುವೆ ಸಡಿಲವಾಗಿ ಕೂತಿರುವ ತುಂಡುಗಳನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವವರನ್ನು ನಾನು ಪ್ರತಿ ಋತುವಿನಲ್ಲೂ ನೋಡುತ್ತೇನೆ. ಕೇಳಿದರೆ ಒಂದೇ ಕಲ್ಲಲ್ಲವೇ ಎನ್ನುತ್ತಾರೆ. ಕಡಲಿನ ಅಲೆ ಕೀಳಲಾರದ ಕಲ್ಲು ಹೀಗೆ ಒಂದೊಂದಾಗಿ ದೋಣಿ ಹತ್ತಿ ಹೋಗುತ್ತಿದೆ. ಅಲ್ಲಿಂದ ಚೂರನ್ನೂ ತರಬೇಡಿ. ಮಗನನ್ನು ಅವಶ್ಯವಾಗಿ ಕರೆದುಕೊಂಡು ಹೋಗಿ. ಕಂಬದ ತುದಿಯ ಮೇಲೆ ಅಂಗೈ ಇಟ್ಟು ಮುಖಗಳನ್ನು ಎಣಿಸಿ ಚಿತ್ರ ಬರೆದುಕೊಳ್ಳಲಿ.

ಕಡಲತೀರದ ಬಗ್ಗೆ ಹೇಳುವುದಾದರೆ, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಆ ವಲಯದಲ್ಲಿ ಮರಳು, ಬಂಡೆ ಮುಂತಾದವುಗಳ ಗಣಿಗಾರಿಕೆ ನಿಷಿದ್ಧ. ಸುತ್ತಿಗೆ, ಉಳಿ ಹಿಡಿದು ಕಾಪುವಿನ ಬಂಡೆಗೋ ಸೋಮೇಶ್ವರದ ಪಾದೆಗೋ ಹೋಗುವ ಯೋಚನೆಯನ್ನೇ ಮಾಡಬೇಡಿ. ಹವಳದ ತುಂಡು ಸಿಕ್ಕಿದರೆ ಅಲ್ಲೇ ಬಿಡಬೇಕು, ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳ ಒಳಗಿನ ಹಳ್ಳತೊರೆಗಳಿಂದಲೂ ಕಲ್ಲು ತರುವಂತಿಲ್ಲ. ಅರಣ್ಯದ ಕಲ್ಲು ಕಾನೂನಿನ ಕಣ್ಣಿನಲ್ಲಿ ಅರಣ್ಯ ಉತ್ಪನ್ನವೇ ಆಗುತ್ತದೆ. ಸುಳ್ಯ ಮತ್ತು ಕೊಡಗಿನ ಗಡಿಯ ಕಾಡಿನಲ್ಲಿ ಕೆಂಪು ಹರಳುಕಲ್ಲಿಗಾಗಿ ಅಕ್ರಮವಾಗಿ ಗುಂಡಿ ತೋಡಿದ ಪ್ರಕರಣಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಆ ಭಾಗದಲ್ಲಿ ಕೈಯಲ್ಲಿ ಕಲ್ಲು ಹಿಡಿದು ಓಡಾಡಿದರೆ ಹವ್ಯಾಸವೆಂದು ಯಾರೂ ನಂಬುವುದಿಲ್ಲ.

ಶೇಡಿಗುಡ್ಡೆಯವರು ಹೇಳಿದ ಬಾವಿಯ ಮಣ್ಣಿನ ರಾಶಿ ನನಗೂ ಎಲ್ಲಕ್ಕಿಂತ ಒಳ್ಳೆಯ ದಾರಿಯಾಗಿ ಕಾಣುತ್ತದೆ. ಜಾಗದ ಯಜಮಾನರನ್ನು ಕೇಳಿ ಒಪ್ಪಿಗೆ ಪಡೆದು ತನ್ನಿ. ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳಿಗೆ ಮಾತ್ರ ಮಕ್ಕಳನ್ನು ಕಳುಹಿಸಬೇಡಿ. ನೀರು ತುಂಬಿದ ಆ ಗುಂಡಿಗಳ ಅಂಚು ನೇರವಾಗಿ ಕತ್ತರಿಸಿದ್ದು, ಜಾರಿ ಬಿದ್ದರೆ ಹಿಡಿದು ಹತ್ತುವುದಕ್ಕೆ ಏನೂ ಇರುವುದಿಲ್ಲ.

---

ಪಾಣೆಮಂಗಳೂರು ವಾಸಿ

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಕೋಣೆಯ ದೀಪ ಆರಿಸಿ ಎರಡು ಬೆಣಚುಕಲ್ಲು ಉಜ್ಜಿ ನೋಡಿದೆವು. ಬೆಳಕು ಕಂಡ ಮೇಲೆ ಮಗ ಬಕೆಟಿನ ಎಲ್ಲ ಕಲ್ಲುಗಳನ್ನೂ ಹಾಗೆಯೇ ಪರೀಕ್ಷಿಸಬೇಕೆಂದು ಹಟಹಿಡಿದು ಹನ್ನೊಂದು ಗಂಟೆಯವರೆಗೆ ಕುಳಿತಿದ್ದ. ನಮ್ಮ ನೆರೆಯವರು ಕಳೆದ ತಿಂಗಳು ಬಾವಿ ತೋಡಿಸಿದ್ದಾರೆ. ಅವರನ್ನು ಕೇಳಿಕೊಂಡು ಶೇಡಿಮಣ್ಣಿನ ರಾಶಿಯಿಂದ ಅರ್ಧ ಗೋಣಿಯಷ್ಟು ಕಲ್ಲು ತಂದಿದ್ದೇವೆ. ಒಡೆದರೆ ಒಳಗೆ ಬಿಳಿಯಾಗಿದೆ, ಆದರೆ ಹೊರಗಿನ ಕೆಂಪು ಕೊಳೆ ಎಷ್ಟು ತಿಕ್ಕಿದರೂ ಬಿಡುತ್ತಿಲ್ಲ. ಇದನ್ನು ಹಾಗೆಯೇ ಬ್ಯಾರೆಲಿಗೆ ಹಾಕಬಹುದೇ?

---

ಸಾಣೆಕಲ್ಲು

ಹಾಕಬಹುದು, ಮೊದಲ ಹಂತದಲ್ಲಿ ಮೇಲಿನ ಪದರ ಸವೆದು ಹೋಗುತ್ತದೆ. ಬಿರುಕಿನೊಳಗೆ ಇಳಿದ ತುಕ್ಕು ಹೋಗಬೇಕಾದರೆ ಅದೇ ಆಕ್ಸಾಲಿಕ್ ಪುಡಿ ಬೇಕು. ಅದು ಕಬ್ಬಿಣದ ಕಲೆಯನ್ನು ಕರಗಿಸುತ್ತದೆ, ಬೆಣಚಿಗೆ ಏನೂ ಮಾಡುವುದಿಲ್ಲ. ಲೀಟರ್ ನೀರಿಗೆ 25 ಗ್ರಾಂನಂತೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ, ತೊಳೆದ ಕಲ್ಲುಗಳನ್ನು ಮುಳುಗಿಸಿ, ಮುಚ್ಚಳ ಹಾಕಿ ಒಂದು ವಾರ ಬಿಡಿ. ನೀರು ಹಳದಿಯಾಗುತ್ತ ಬರುವುದು ತುಕ್ಕು ಬಿಡುತ್ತಿರುವ ಲಕ್ಷಣ. ಲೋಹದ ಪಾತ್ರೆ ಬಳಸಬೇಡಿ, ಬೇಗ ಆಗಲೆಂದು ಒಲೆಯ ಮೇಲೆ ಕಾಯಿಸಬೇಡಿ. ಈ ಪುಡಿ ವಿಷ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ನೀವೇ ಮಾಡಿ, ಮಗನ ಕೈಗೆ ಕೊಡಬೇಡಿ. ಹಟ್ಟಿಯ ದನ, ನಾಯಿ ಬಾಯಿ ಹಾಕದ ಜಾಗದಲ್ಲಿ ಬಕೆಟನ್ನಿಡಿ. ಆಮೇಲೆ ಕಲ್ಲುಗಳನ್ನು ಎರಡು ಮೂರು ದಿನ ಸಾದಾ ನೀರಿನಲ್ಲಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಸಿ. ಉಳಿದ ದ್ರಾವಣಕ್ಕೆ ಸುಣ್ಣ ಬೆರೆಸಿದರೆ ಬಿಳಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ, ಹಾಗೆ ಮಾಡದೆ ತೋಟಕ್ಕೆ ಚೆಲ್ಲಬಾರದು. ಕಪ್ಪೆಚಿಪ್ಪಿಗೆ ಇದನ್ನು ಎಂದೂ ಹಾಕಬೇಡಿ, ಚಿಪ್ಪಿನ ಮೇಲ್ಮೈ ಹಾಳಾಗುತ್ತದೆ.

---

ಪಾಣೆಮಂಗಳೂರು ವಾಸಿ

ಹೇಳಿದಂತೆಯೇ ಮಾಡಿ ಹದಿನೆಂಟು ದಿನಗಳಾದವು. ಬೆಣಚನ್ನು ಮಾತ್ರ ಆರಿಸಿ, ಹೊಸ 60/90 ಪುಡಿ ಹಾಕಿ ಒಂದು ವಾರ ಪೂರ್ತಿ ಓಡಿಸಿ ಇಂದು ಬೆಳಿಗ್ಗೆ ತೆರೆದೆವು. ರಾಡಿ ಉದ್ದಿನ ದೋಸೆಹಿಟ್ಟಿನ ಹದಕ್ಕೆ ಬಂದು ಬೂದುಬಣ್ಣವಾಗಿತ್ತು. ಕೈಹಾಕಿ ಒಂದೊಂದನ್ನೇ ತೆಗೆದು ತೊಳೆದಾಗ ಮೂಲೆಗಳೆಲ್ಲ ಹೋಗಿ ಕಲ್ಲುಗಳು ಗುಂಡಗಾಗಿವೆ. ಗೇರುಬೀಜದಷ್ಟು ದೊಡ್ಡದೊಂದು ಕಲ್ಲನ್ನು ಮಗ ಕಿಟಕಿಯ ಬೆಳಕಿಗೆ ಹಿಡಿದಾಗ ಹಾಲುಬಿಳಿಯ ನಡುವೆ ಜೇನಿನ ಬಣ್ಣದ ತೆಳು ಎಳೆಯೊಂದು ಅಡ್ಡಲಾಗಿ ಹಾದುಹೋಗಿರುವುದು ಕಾಣಿಸಿತು. ಆದರೆ ಅದರ ಒಂದು ಬದಿಯಲ್ಲಿ ಅಕ್ಕಿಕಾಳಿನಷ್ಟು ಗುಳಿ ಇನ್ನೂ ಉಳಿದಿದೆ. ಹನ್ನೆರಡು ಕಲ್ಲುಗಳಲ್ಲಿ ಗುಳಿ ಪೂರ್ತಿ ಹೋಗಿದೆ, ಒಂಬತ್ತರಲ್ಲಿ ಇದೆ. ಎಲ್ಲವನ್ನೂ ಎರಡನೆಯ ಹಂತಕ್ಕೆ ಒಯ್ಯಬಹುದೇ ಅಥವಾ ಕಾಯಬೇಕೇ?

---

ಶೇಡಿಗುಡ್ಡೆ

ಆ ಜೇನುಬಣ್ಣದ ಎಳೆ ಬೆಣಚಿನ ಒಳಬಿರುಕಿಗೆ ಮೇಲಿನ ಮುರದಿಂದ ಇಳಿದ ಕಬ್ಬಿಣದ ಅಂಶ. ಆಕ್ಸಾಲಿಕ್ ಅದರ ವರೆಗೆ ತಲಪಿಲ್ಲವೆಂದರೆ ಬಿರುಕು ಬಹುಶಃ ಮುಚ್ಚಿಕೊಂಡಿದೆ, ಆ ಕಲ್ಲು ಸುಲಭವಾಗಿ ಒಡೆಯಲಿಕ್ಕಿಲ್ಲ. ಅದನ್ನು ಬಿಡಬೇಡಿ.

---

ಸಾಣೆಕಲ್ಲು

ಹನ್ನೆರಡನ್ನು ತೊಳೆದು ನೀರಿನ ಡಬ್ಬದಲ್ಲಿ ಎತ್ತಿಡಿ. ಉಳಿದ ಒಂಬತ್ತರ ಜೊತೆಗೆ ಗೋಣಿಯಿಂದ ಹೊಸ ಕಲ್ಲು ಸೇರಿಸಿ ಬ್ಯಾರೆಲನ್ನು ಮುಕ್ಕಾಲಿಗೆ ತುಂಬಿಸಿ, ಹೊಸ ಪುಡಿ ಹಾಕಿ ಇನ್ನೊಂದು ವಾರ 60/90ರಲ್ಲಿಯೇ ಓಡಿಸಿ. ಗುಳಿ ಹೋದ ಕಲ್ಲುಗಳಷ್ಟೇ ಒಂದು ಬ್ಯಾರೆಲ್ ಆಗುವವರೆಗೆ ಎರಡನೆಯ ಪೊಟ್ಟಣವನ್ನು ತೆರೆಯಬೇಡಿ.